ಒಡೆದ ಕಲ್ಲಿನಲ್ಲಿ ಸಂತ ಡೇವಿಡನ ಹೆಸರು

ಮಾರ್ಚ್ 1 ವೇಲ್ಸ್ ನಾಡಿನ ಹಬ್ಬ. ಅವರ ನಾಡಸಂತ ಡೇವಿಡ್ ತೀರಿಕೊಂಡ ದಿನ ಅಂತ ಅದನ್ನು ಆಚರಿಸ್ತಾರೆ. ವೆಲ್ಷ್ ಭಾಷೆಯಲ್ಲಿ ಅವನ ಹೆಸರು ಡೆವಿ. ಕಾಲ 6ನೇ ಶತಮಾನ. ಆದರೆ ಈಗ ನಮಗೆ ಸಿಗುವ ಅವನ ಚರಿತ್ರೆಗಳಲ್ಲಿ ಹಳೆಯದನ್ನು ರಿಗಿವಾರ್ಖ್ ಎಂಬ ಪಾದ್ರಿ ಬರೆದದ್ದು 11ನೇ ಶತಮಾನದ ಕೊನೆಗೆ. ನಡುವೆ 500 ವರ್ಷ! ಶಾಸನದ ಹುಚ್ಚಿರುವ ನಮ್ಮಂಥವರು ಆಗ ಕೇಳುವುದು ಒಂದೇ: ಕಲ್ಲು ಏನು ಹೇಳುತ್ತೆ?

ಡೇವಿಡನ ಮುಖ್ಯ ಸ್ಥಳಗಳು ಎರಡು. ಮೊದಲನೆಯದು ಪೆಂಬ್ರೋಕ್‌ಷೈರ್‌ನ ಸೇಂಟ್ ಡೇವಿಡ್ಸ್. ಅವನ ಮಠ ಇದ್ದ ಜಾಗ ಇದು. ಈಗಿನ ಕೆಥೆಡ್ರಲ್ ಕಟ್ಟಲು ಶುರು ಮಾಡಿದ್ದು 1181ರಲ್ಲಿ. ಇಲ್ಲಿ ಅಬ್ರಹಾಂ ಎಂಬ ಬಿಷಪ್‌ನ ಇಬ್ಬರು ಮಕ್ಕಳ ಸ್ಮಾರಕ ಶಾಸನವಿದೆ. ಆ ಬಿಷಪ್ 1080ರಲ್ಲಿ ವೈಕಿಂಗರ ದಾಳಿಗೆ ಬಲಿಯಾದವನು.

ಎರಡನೆಯದು ಕೆರೆಡಿಗಿಯಾನ್‌ನ ಲ್ಲನ್‌ದೆವಿ ಬ್ರೆವಿ ಎಂಬ ಹಳ್ಳಿ. 'ಲ್ಲನ್' ಅಂದರೆ ಚರ್ಚು, ಅದರ ಆವರಣ. ಅದರ ಮುಂದೆ ಬಂದಾಗ ಡೆವಿಯ ಮೊದಲ ಅಕ್ಷರ ಮೃದುವಾಗಿ 'ದೆವಿ' ಆಗುತ್ತೆ. ನಮ್ಮ ಆದೇಶ ಸಂಧಿ ನೆನಪಾಗುತ್ತೆ ಅಲ್ವಾ? ಇಲ್ಲಿ ನಡೆದ ಧರ್ಮಸಭೆಯಲ್ಲಿ ಡೇವಿಡ್ ಮಾತಾಡುವಾಗ ಅವನ ಕಾಲಡಿಯ ನೆಲವೇ ಎದ್ದು ಗುಡ್ಡವಾಯಿತು ಅಂತ ಐತಿಹ್ಯ. ಚರ್ಚು ಇರುವುದೂ ದಿಬ್ಬದ ಮೇಲೆಯೇ. ನಮ್ಮ ಕಲ್ಲು ಇರುವುದು ಈ ಚರ್ಚಿನಲ್ಲಿ.

ಅದರ ಲ್ಯಾಟಿನ್ ಪಾಠ ಹೀಗಿದೆ:

"ಹಿಕ್ ಯಾಕೆತ್ ಇದ್ನರ್ತ್ ಫಿಲಿಯುಸ್ ಯಾಕೋಬಿ ಕ್ವಿ ಒಕ್ಕೀಸುಸ್ ಫುಯಿತ್ ಪ್ರೊಪ್ತೆರ್ ಪ್ರೇದಮ್ ಸಾಂಕ್ತಿ ಡೇವಿಡ್"

ಬಿಡಿಸಿದರೆ:
ಹಿಕ್ ಯಾಕೆತ್ – ಇಲ್ಲಿ ಮಲಗಿದ್ದಾನೆ
ಇದ್ನರ್ತ್ ಫಿಲಿಯುಸ್ ಯಾಕೋಬಿ – ಯಾಕೋಬನ ಮಗ ಇದ್ನರ್ತ್
ಕ್ವಿ ಒಕ್ಕೀಸುಸ್ ಫುಯಿತ್ – ಕೊಲ್ಲಲ್ಪಟ್ಟವನು
ಪ್ರೊಪ್ತೆರ್ ಪ್ರೇದಮ್ ಸಾಂಕ್ತಿ ಡೇವಿಡ್ – ಸಂತ ಡೇವಿಡನ ಸೊತ್ತಿನ ಕೊಳ್ಳೆಯ ಕಾರಣಕ್ಕೆ

ಓದಿದ ಕೂಡಲೇ ನನಗೆ ನಮ್ಮ ತುರುಗೋಳಿನ ವೀರಗಲ್ಲುಗಳೇ ಕಣ್ಣಮುಂದೆ ಬಂದವು. ಎರಡಕ್ಕೂ ಸಂಬಂಧ ಇಲ್ಲ, ನಿಜ. ಆದರೆ 'ಪ್ರೇದ' ಪದ ಗಮನಿಸಿ. ವೆಲ್ಷ್‌ನ 'ಪ್ರೈದ್' ಇದರಿಂದಲೇ ಬಂದದ್ದು. ಅದಕ್ಕೆ ಕೊಳ್ಳೆ ಅನ್ನುವ ಅರ್ಥವೂ ಉಂಟು, ದನಕುರಿಗಳ ಹಿಂಡು ಅನ್ನುವ ಅರ್ಥವೂ ಉಂಟು. ಇದ್ನರ್ತ್ ಸತ್ತದ್ದು ದನಕ್ಕಾಗಿಯೇ ಅಂತ ಇದರಿಂದ ಹೇಳಲಾಗದು. ಆದರೆ ಒಂದು ಮಾತು ಗಟ್ಟಿ: ಕಲ್ಲು ಕೆತ್ತಿಸುವ ಹೊತ್ತಿಗೆ ಡೇವಿಡ್ 'ಸಂತ' ಆಗಿದ್ದ, ಅವನ ಹೆಸರಲ್ಲಿ ಕೊಳ್ಳೆ ಹೊಡೆಯುವಷ್ಟು ಆಸ್ತಿ ಇತ್ತು. ಅವನ ಹೆಸರು ಸಿಗುವ ಅತಿ ಹಳೆಯ ಬರಹಗಳ ಸಾಲಿನಲ್ಲಿ ಈ ಕಲ್ಲನ್ನು ಎಣಿಸುವುದು ಅದಕ್ಕೇ.

ಈಗ ಬೇಸರದ ವಿಷಯ. 19ನೇ ಶತಮಾನದಲ್ಲಿ ಚರ್ಚಿನ ರಿಪೇರಿ ಮಾಡುವಾಗ ಕೆಲಸದವರು ಈ ಕಲ್ಲನ್ನು ಒಡೆದು ಗೋಡೆಗೆ ಹಾಕಿಬಿಟ್ಟರು. ಇವತ್ತು ಹೊರಗೋಡೆಯಲ್ಲಿ ಕಾಣುವುದು ತುಂಡುಗಳು, ಕೆಲವೇ ಅಕ್ಷರ. ಹಾಗಾದರೆ ಇಡೀ ಪಾಠ ಎಲ್ಲಿಂದ ಬಂತು? ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಲುಯಿಡ್ ಕಲ್ಲು ಒಡೆಯುವ ಎಷ್ಟೋ ಮೊದಲೇ ಅದನ್ನು ನಕಲು ಮಾಡಿದ್ದ. ಅವನು ತೀರಿಕೊಂಡದ್ದು 1709ರಲ್ಲಿ. ಆ ನಕಲನ್ನು ಇಟ್ಟುಕೊಂಡು 1950ರ ದಶಕದಲ್ಲಿ ಗೆರೈಂಟ್ ಗ್ರಫಿಡ್ ಮತ್ತು ಓವೆನ್ ಎಂಬ ವಿದ್ವಾಂಸರು ಈ ಶಾಸನದ ಮಹತ್ವ ಎತ್ತಿ ತೋರಿಸಿದರು. ಅಂದರೆ ಇದ್ನರ್ತನ ಸಾವಿನ ಕಾರಣವನ್ನು ನಮಗೆ ಮುಟ್ಟಿಸಿದ್ದು ಕಲ್ಲಲ್ಲ, ಕಾಗದ.

ಇದನ್ನು ಬರೆಯುವಾಗ ನನ್ನದೇ ತಪ್ಪೊಂದು ಕಾಡುತ್ತೆ. ಕೆಲವು ವರ್ಷದ ಹಿಂದೆ ಒಂದು ಕೆರೆ ಏರಿಯ ಮೇಲೆ ವೀರಗಲ್ಲು ನೋಡಿದ್ದೆ. ಮಧ್ಯಾಹ್ನದ ನೆತ್ತಿ ಬಿಸಿಲು. "ಮುಂದಿನ ಸಲ ಅಚ್ಚು ತೆಗೆದರಾಯ್ತು" ಅಂತ ಮೊಬೈಲಲ್ಲಿ ಒಂದೇ ಒಂದು ಫೋಟೋ ಹೊಡೆದು ಬಂದೆ. ಮತ್ತೆ ಹೋದಾಗ ಆ ಕಲ್ಲಿನ ಅರ್ಧ ಚರಂಡಿಯ ಚಪ್ಪಡಿಯಾಗಿತ್ತು, ಬರಹವಿದ್ದ ಅರ್ಧ ಸಿಗಲೇ ಇಲ್ಲ. ನನ್ನ ಫೋಟೋದಲ್ಲಿ ಮೊದಲ ಸಾಲು ಮಾತ್ರ ಓದಲು ಬರುತ್ತೆ. ಅದರಲ್ಲಿ ಸತ್ತವನ ಹೆಸರಿಲ್ಲ.

ಹಾಗಾಗಿ ಕೇಳಿಕೊಳ್ಳುವುದಿಷ್ಟೇ. ಅಕ್ಷರವಿರುವ ಕಲ್ಲು ಕಂಡರೆ ಅವತ್ತೇ ದಾಖಲಿಸಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಸಾಲು ಸಾಲಾಗಿ ಫೋಟೋ ತೆಗೆಯಿರಿ. ಓದಲು ಬರದಿದ್ದರೂ ಪರವಾಗಿಲ್ಲ, ಮುಂದೆ ಯಾರೋ ಓದ್ತಾರೆ.