ಕಾಗದದ ಚಿತ್ರ ಡಬ್ಬಿಯ ಮೇಲೆ



ಬಬಲ್‌ಗಮ್ ಜೊತೆ ಒಂದು ಸಣ್ಣ ಚೀಟಿ ಬರುತ್ತದೆ. ಮಕ್ಕಳು ಅದನ್ನು ಕೈಮೇಲೆ ಇಡುತ್ತಾರೆ. ನೀರು ಹಚ್ಚಿ ಒತ್ತಿ ಹಿಡಿಯುತ್ತಾರೆ. ಚೀಟಿ ತೆಗೆದರೆ ಚಿತ್ರ ಕೈಮೇಲೆ ಕೂತಿರುತ್ತದೆ. ನೀವೂ ನೋಡಿದ್ದೀರಿ, ಹೌದಲ್ಲವೇ?

ಮನೆಯ ಸಾಮಾನಿನ ಮೇಲೂ ಹೀಗೆ ಚಿತ್ರ ಕೂಡಿಸಬಹುದು. ಹಳೆಯ ಡಬ್ಬಿ, ಕಟ್ಟಿಗೆಯ ಪೆಟ್ಟಿಗೆ, ಹೂವಿನ ಕುಂಡ, ಯಾವುದಾದರೂ ಆದೀತು. ಚಿತ್ರ ಬರೆಯಲು ಬರಬೇಕೆಂದಿಲ್ಲ. ಅಚ್ಚಾದ ಚಿತ್ರ ಬೇಕು, ಬಿಳಿ ಬಣ್ಣ ಬೇಕು, ಸ್ವಲ್ಪ ತಾಳ್ಮೆ ಬೇಕು.

ನಮ್ಮ ಮೊದಲ ಡಬ್ಬಿ

ಹುಮನಾಬಾದ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ನಾವು ಸಂಜೆ ಹೊತ್ತು ಅಕ್ಷರ ಕಲಿಸುತ್ತಿದ್ದೆವು. ಒಂದು ದಿನ ಹಳೆಯ ಬಿಸ್ಕತ್ತಿನ ಡಬ್ಬಿ ತಂದೆವು. ಬಿಳಿ ಹಾಳೆಯ ಮೇಲೆ ತೊಗರಿ ಗಿಡದ ಚಿತ್ರ ಬರೆದೆವು. ಕೆಳಗೆ ದೊಡ್ಡದಾಗಿ 'ತೊಗರಿ' ಎಂದು ಬರೆದೆವು. ಅದನ್ನು ಜೆರಾಕ್ಸ್ ಮಾಡಿಸಿ ಡಬ್ಬಿಗೆ ಅಂಟಿಸಿದೆವು.

ಮರುದಿನ ಕಾಗದ ಉಜ್ಜಿ ತೆಗೆದೆವು. ಚಿತ್ರ ಚೆಂದ ಮೂಡಿತ್ತು! ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ಕೂತ ಒಬ್ಬ ಅಕ್ಕ ಮಾತ್ರ ತಟ್ಟಲಿಲ್ಲ. ಆಕೆ ಅಕ್ಷರ ಕಲಿತು ನಾಲ್ಕು ತಿಂಗಳಾಗಿತ್ತು.

"ಟೀಚರ್, ಇದು ತೊಗರಿ ಅಲ್ರಿ" ಅಂದಳು.

"ಯಾಕವ್ವಾ?"

"ಓದಲಿಕ್ಕೆ ಬರವಲ್ದು. ರಿ ಮುಂದ ಬಂದದ. ತೊ ಹಿಂದ ಹೋಗ್ಯಾದ. ಅಕ್ಷರ ಎಲ್ಲಾ ಉಲ್ಟಾ ಆಗ್ಯಾವ."

ನಾವು ಬಗ್ಗಿ ನೋಡಿದೆವು. ಆಕೆ ಹೇಳಿದ್ದು ನಿಜ. ನಾವು ಚಿತ್ರ ನೋಡಿ ಖುಷಿಪಟ್ಟಿದ್ದೆವು. ಆಕೆ ಅಕ್ಷರ ಓದಿ ನೋಡಿದ್ದಳು.

ಉಲ್ಟಾ ಯಾಕೆ ಬಂತು?

ಪಂಚಾಯಿತಿಯ ರಬ್ಬರ್ ಮುದ್ರೆ ನೋಡಿದ್ದೀರಾ? ರಬ್ಬರಿನ ಮೇಲೆ ಅಕ್ಷರ ಉಲ್ಟಾ ಇರುತ್ತವೆ. ಕಾಗದದ ಮೇಲೆ ಒತ್ತಿದರೆ ನೆಟ್ಟಗಾಗುತ್ತವೆ. ಹೆಬ್ಬೆಟ್ಟು ಒತ್ತುವಾಗಲೂ ಅಷ್ಟೇ. ಬೆರಳಿನ ಗೆರೆ ಕಾಗದದ ಮೇಲೆ ಎಡ ಬಲ ಅದಲು ಬದಲಾಗಿ ಮೂಡುತ್ತದೆ. ಮುಖಕ್ಕೆ ಮುಖ ಕೊಟ್ಟು ಒತ್ತಿದ್ದೆಲ್ಲ ಹೀಗೇ ತಿರುಗುತ್ತದೆ.

ನಮ್ಮ ಡಬ್ಬಿಗೂ ಹಾಗೇ ಆಯಿತು. ಚಿತ್ರವನ್ನು ಬೋರಲು ಹಾಕಿ ಅಂಟಿಸಿದ್ದೆವು. ಗಿಡ ತಿರುಗಿದರೂ ಗಿಡವೇ. ಅದು ಯಾರಿಗೂ ತಿಳಿಯದು. ಅಕ್ಷರ ತಿರುಗಿದರೆ ಓದಲು ಬಾರದು.

ಅದಕ್ಕೆ ಉಪಾಯವಿದೆ. ಮೊದಲೇ ಉಲ್ಟಾ ಮಾಡಿಕೊಳ್ಳಬೇಕು. ಕಂಪ್ಯೂಟರ್ ಅಂಗಡಿಯಲ್ಲಿ "ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಪ್ರಿಂಟ್ ಕೊಡಿ" ಎಂದು ಕೇಳಿ. ಕಂಪ್ಯೂಟರ್ ಇಲ್ಲವೇ? ತೆಳು ಕಾಗದದ ಮೇಲೆ ದಪ್ಪವಾಗಿ ಬರೆಯಿರಿ. ಕಾಗದ ತಿರುವಿ ಬೆಳಕಿಗೆ ಹಿಡಿಯಿರಿ. ಹಿಂದೆ ಕಾಣುವ ಗೆರೆಯ ಮೇಲೆ ಪೆನ್ನು ಆಡಿಸಿ. ಆ ಬದಿಯನ್ನು ಜೆರಾಕ್ಸ್ ಮಾಡಿಸಿ. ಅಂಟಿಸುವ ಮೊದಲು ಕನ್ನಡಿಯ ಮುಂದೆ ಹಿಡಿದು ಓದಿ. ಕನ್ನಡಿಯಲ್ಲಿ ಸರಿ ಕಂಡರೆ ಡಬ್ಬಿಯ ಮೇಲೂ ಸರಿ ಬರುತ್ತದೆ.

ಏನೇನು ಬೇಕು?

ಜೆರಾಕ್ಸ್ ಅಥವಾ ಲೇಸರ್ ಪ್ರಿಂಟ್ ಆದ ಚಿತ್ರ. ಬಿಳಿ ಅಕ್ರಿಲಿಕ್ ಬಣ್ಣ. ಇದು ಸ್ಟೇಶನರಿ ಅಂಗಡಿಯಲ್ಲಿ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ. ಒಂದು ಬ್ರಶ್, ಉಸುಕಿನ ಕಾಗದ, ಹಳೆಯ ಅರಿವೆ, ನೀರು. ಕೊನೆಗೆ ಹಚ್ಚಲು ವಾರ್ನಿಶ್.

ಮಾಡುವ ಬಗೆ

1. ಡಬ್ಬಿಯನ್ನು ತೊಳೆದು ಒಣಗಿಸಿ. ಎಣ್ಣೆ ಜಿಡ್ಡು ಇರಬಾರದು. ನುಣುಪಾದ ತಗಡನ್ನು ಉಸುಕಿನ ಕಾಗದದಿಂದ ತಿಕ್ಕಿ. ತುಸು ಒರಟಾದರೆ ಬಣ್ಣ ಹಿಡಿಯುತ್ತದೆ.

2. ಚಿತ್ರದ ಸುತ್ತಲಿನ ಬಿಳಿ ಕಾಗದ ಕತ್ತರಿಸಿ.

3. ಚಿತ್ರ ಕೂಡುವ ಜಾಗಕ್ಕೆ ಬಿಳಿ ಬಣ್ಣ ದಪ್ಪವಾಗಿ ಹಚ್ಚಿ. ಎಲ್ಲಾ ಕಡೆ ಒಂದೇ ಸಮ ಇರಲಿ.

4. ಬಣ್ಣ ಹಸಿ ಇರುವಾಗಲೇ ಚಿತ್ರವನ್ನು ಬೋರಲು ಇಡಿ. ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒತ್ತುತ್ತಾ ಹೋಗಿ. ಒಳಗೆ ಗಾಳಿ ಉಳಿಯಬಾರದು. ಗಾಳಿ ಉಳಿದ ಕಡೆ ಚಿತ್ರ ಮೂಡುವುದಿಲ್ಲ.

5. ಒಂದು ರಾತ್ರಿ ಪೂರ್ತಿ ನೆರಳಲ್ಲಿ ಒಣಗಲಿ. ಇಲ್ಲಿ ಅವಸರ ಮಾಡಿದರೆ ಎಲ್ಲಾ ಕೆಟ್ಟಿತು. ನಡುವೆ ಎತ್ತಿ ನೋಡಬೇಡಿ.

6. ಮರುದಿನ ಹಸಿ ಅರಿವೆಯಿಂದ ಕಾಗದ ನೆನೆಸಿ. ಎರಡು ಮೂರು ನಿಮಿಷ ಬಿಡಿ. ಆಮೇಲೆ ಬೆರಳಿನಿಂದ ಮೆತ್ತಗೆ ಉಜ್ಜಿ. ಕಾಗದ ಶಾವಿಗೆಯಂತೆ ಸುರುಳಿ ಸುರುಳಿಯಾಗಿ ಬರುತ್ತದೆ. ಉಗುರು ತಾಗಿಸಬೇಡಿ. ಚಿತ್ರ ಕಿತ್ತು ಬರುತ್ತದೆ.

7. ಒಣಗಿದ ಮೇಲೆ ಚಿತ್ರ ಮಂಜು ಕವಿದಂತೆ ಕಾಣುತ್ತದೆ. ಅದು ಉಳಿದ ಕಾಗದದ ನಾರು. ಮತ್ತೆ ನೆನೆಸಿ, ಮತ್ತೆ ಉಜ್ಜಿ. ಎರಡು ಮೂರು ಸಲ ಹೀಗೆ ಮಾಡಬೇಕಾಗುತ್ತದೆ.

8. ಪೂರ್ತಿ ಒಣಗಿದ ಮೇಲೆ ವಾರ್ನಿಶ್ ಹಚ್ಚಿ. ಒಂದು ಸಲ ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿ.

ಕಾಗದ ಹೋಗುತ್ತದೆ, ಚಿತ್ರ ಉಳಿಯುತ್ತದೆ. ಹೇಗೆ?

ಜೆರಾಕ್ಸ್ ಯಂತ್ರದಲ್ಲಿ ನೀರಿನಂಥ ಶಾಯಿ ಇರುವುದಿಲ್ಲ. ಕರೀ ಪುಡಿ ಇರುತ್ತದೆ. ಅದರಲ್ಲಿ ಪ್ಲಾಸ್ಟಿಕ್ ಸೇರಿರುತ್ತದೆ. ಯಂತ್ರದ ಬಿಸಿಗೆ ಪುಡಿ ಕರಗಿ ಕಾಗದದ ಮೇಲೆ ಅಂಟುತ್ತದೆ. ಅದಕ್ಕೇ ಜೆರಾಕ್ಸ್ ಹಾಳೆ ಬೆಚ್ಚಗೆ ಹೊರಗೆ ಬರುತ್ತದೆ.

ಅಕ್ರಿಲಿಕ್ ಬಣ್ಣವೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಹಸಿ ಇದ್ದಾಗ ನೀರಿನಲ್ಲಿ ಬೆರೆತಿರುತ್ತದೆ. ನೀರು ಆರಿದ ಮೇಲೆ ಗಟ್ಟಿ ಪದರವಾಗುತ್ತದೆ. ಆ ಪದರ ಕರೀ ಪುಡಿಯನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಎರಡಕ್ಕೂ ನೀರು ಏನೂ ಮಾಡದು. ಕಾಗದ ಮಾತ್ರ ನಾರಿನದು. ನೀರು ಬಿದ್ದರೆ ಬಿಡಿಬಿಡಿಯಾಗುತ್ತದೆ.

ಕೆಲವು ಪ್ರಿಂಟರ್‌ಗಳಲ್ಲಿ ನೀರಿನ ಶಾಯಿ ಇರುತ್ತದೆ. ಅಂಥ ಚಿತ್ರ ನೆನೆದರೆ ಹರಡುತ್ತದೆ. ಒಂದು ಮೂಲೆಗೆ ಹಸಿ ಬೆರಳು ತಾಗಿಸಿ ನೋಡಿ. ಬಣ್ಣ ಬಿಟ್ಟರೆ ಅದು ಈ ಕೆಲಸಕ್ಕೆ ಬೇಡ. ಹೊಳೆಯುವ ಕ್ಯಾಲೆಂಡರ್ ಚಿತ್ರವೂ ಸರಿಯಾಗಿ ಬರುವುದಿಲ್ಲ. ಅದನ್ನು ಹರಿಯಬೇಡಿ, ಅದರ ಜೆರಾಕ್ಸ್ ಮಾಡಿಸಿ.

ಹಳೆಯ ಕೆಲಸ, ದೊಡ್ಡ ಕೆಲಸ

ಅಚ್ಚಿನ ಚಿತ್ರವನ್ನು ಸಾಮಾನಿನ ಮೇಲೆ ಇಳಿಸುವುದು ಹೊಸದಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ಊರಿನಲ್ಲಿ ಸ್ಯಾಡ್ಲರ್ ಮತ್ತು ಗ್ರೀನ್ ಎಂಬ ಇಬ್ಬರಿದ್ದರು. 1756ರಲ್ಲಿ ಅವರು ಆರು ತಾಸಿನಲ್ಲಿ 1200ಕ್ಕೂ ಹೆಚ್ಚು ಹಂಚುಗಳ ಮೇಲೆ ಚಿತ್ರ ಅಚ್ಚು ಮಾಡಿದೆವೆಂದು ಪ್ರಮಾಣ ಮಾಡಿ ಹೇಳಿದರು. ಕೈಯಿಂದ ಬರೆದರೆ ಅಷ್ಟು ಬೇಗ ಆಗುತ್ತಿತ್ತೇ?

ನಮ್ಮ ಬೀದರಿನ ಬಿದರಿ ಕೆಲಸದ ದಾರಿಯೇ ಬೇರೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಹೂಜಿ, ತಟ್ಟೆ, ಡಬ್ಬಿ ಎರಕ ಹೊಯ್ಯುತ್ತಾರೆ. ಅದರ ಮೇಲೆ ಕೈಯಿಂದಲೇ ಹೂ ಬಳ್ಳಿ ಬರೆಯುತ್ತಾರೆ. ಗೆರೆಯನ್ನು ಉಳಿಯಿಂದ ಕೊರೆದು ಬೆಳ್ಳಿ ಕೂಡಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿ ಕುದಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕೆಲಸಕ್ಕಾಗಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಬಿದರಿಯ ಚಿತ್ರ ಲೋಹದ ಒಳಗೆ ಕೂತಿರುತ್ತದೆ. ತಲೆಮಾರು ಬಾಳುತ್ತದೆ. ನಮ್ಮ ಚಿತ್ರ ಬಣ್ಣದ ಮೇಲೆ ಕೂತಿರುತ್ತದೆ. ಅದನ್ನು ಜೋಪಾನ ಮಾಡಬೇಕು. ಬೂದಿ, ನಾರು ಹಾಕಿ ತಿಕ್ಕಬೇಡಿ. ಅರಿವೆಯಿಂದ ಒರೆಸಿದರೆ ಸಾಕು.

ಇವನ್ನು ಮಾಡಬೇಡಿ

ಊಟದ ತಾಟು, ಲೋಟ, ಒಲೆಯ ಮೇಲಿಡುವ ಪಾತ್ರೆಗೆ ಈ ಬಣ್ಣ ಬೇಡ. ಡಬ್ಬಿಯ ಒಳಗೂ ಬೇಡ. ಹೊರಗೆ ಮಾತ್ರ ಹಚ್ಚಿ.

ಕುಡಿಯುವ ನೀರಿನ ಗಡಿಗೆಗೆ ಹಚ್ಚಬೇಡಿ. ಗಡಿಗೆಯ ಸಣ್ಣ ಸಣ್ಣ ರಂಧ್ರದಿಂದ ನೀರು ಜಿನುಗಿ ಆರುತ್ತದೆ. ಅದಕ್ಕೇ ನೀರು ತಣ್ಣಗಿರುತ್ತದೆ. ಬಣ್ಣ ಹಚ್ಚಿದರೆ ರಂಧ್ರ ಮುಚ್ಚುತ್ತವೆ. ನೀರು ಮೊದಲಿನಷ್ಟು ತಣ್ಣಗಾಗದು. ಒಳಗಿನ ತೇವಕ್ಕೆ ಬಣ್ಣವೂ ಏಳುತ್ತದೆ.

ಎಲ್ಲಕ್ಕಿಂತ ಮುಖ್ಯ ಮಾತು ಇದು. ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿ ಎಷ್ಟೇ ಗಟ್ಟಿ ಇರಲಿ, ಮನೆಗೆ ತರಬೇಡಿ. ತೊಳೆದರೂ ವಿಷ ಪೂರ್ತಿ ಹೋಗುವುದಿಲ್ಲ. ಮೇಲೆ ಹೂವಿನ ಚಿತ್ರ ಅಂಟಿಸಿದರೆ ಇನ್ನೂ ಅಪಾಯ. ಅದು ವಿಷದ ಡಬ್ಬಿ ಎಂದು ಯಾರಿಗೂ ಗೊತ್ತಾಗುವುದಿಲ್ಲ! ಆ ಡಬ್ಬಿಯ ಚೀಟಿಯ ಮೇಲೆ ಮೂಲೆ ಮೇಲಾಗಿ ನಿಂತ ಚೌಕದ ಗುರುತು ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಇರುತ್ತದೆ. ಕೆಂಪು ಎಂದರೆ ಅತಿ ಘೋರ ವಿಷ. ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ವಿಷ ಕಡಿಮೆ. ವಿಷ ಇಲ್ಲವೆಂದಲ್ಲ. ಈ ಗುರುತು ಕಂಡ ಡಬ್ಬಿಯಲ್ಲಿ ಬೇಳೆ, ಎಣ್ಣೆ, ನೀರು ಯಾವುದನ್ನೂ ಹಾಕಬೇಡಿ.

ಯಾವ ಚಿತ್ರ, ಯಾವ ಹೆಸರು?

ಬಸವಕಲ್ಯಾಣದ ಕೋಟೆ ಬಾಗಿಲಿನ ಚಿತ್ರ ಹಾಕಬಹುದು. ಹುಮನಾಬಾದಿನ ಜಾತ್ರೆಯ ತೇರು ಹಾಕಬಹುದು. ನಿಮ್ಮ ಅಂಗಳದ ರಂಗೋಲಿ ಹಾಕಬಹುದು. ಡಬ್ಬಿಗೆ 'ಉಪ್ಪು', 'ಸಕ್ಕರೆ' ಎಂದು ಬರೆದರೆ ಅಡುಗೆಮನೆಯಲ್ಲಿ ದಿನಾ ಓದಿದಂತೆಯೂ ಆಯಿತು. ದೇವರ ಚಿತ್ರವನ್ನು ಮಾತ್ರ ಕಾಲು ತಾಗುವ ಮಣೆಯ ಮೇಲೆ ಹಾಕಬೇಡಿ.

ಆ ತಪ್ಪು ಹಿಡಿದ ಅಕ್ಕ ಮರುವಾರ ತನ್ನದೇ ಒಂದು ಡಬ್ಬಿ ತಂದಳು. "ಏನು ಬರೀತಿ?" ಎಂದು ಕೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು:

"ನಮ್ಮ ಮನ್ಯಾಗ ಎಲ್ಲಾ ಭಾಂಡ್ಯಾದ ಮ್ಯಾಲೂ ಹೆಸರು ಅದ ರೀ. ಮಾವಂದು ಅದ, ಗಂಡಂದು ಅದ, ಮದುವ್ಯಾಗ ಆಯೇರಿ ಮಾಡಿದವರ್ದು ಅದ. ಈಗ ಓದಲಿಕ್ಕೆ ಬರ್ತದಲ್ರಿ, ಎಲ್ಲಾ ಓದಿ ನೋಡಿದೆ. ನನ್ನ ಹೆಸರು ಒಂದರ ಮ್ಯಾಲೂ ಇಲ್ಲ."

ತೆಳು ಕಾಗದದ ಮೇಲೆ ಆಕೆಯೇ ತನ್ನ ಹೆಸರು ಬರೆದಳು. ತಿರುವಿ ಗೆರೆ ತಿದ್ದಿದಳು. ಕನ್ನಡಿ ಹಿಡಿದು ಎರಡು ಸಲ ಓದಿದಳು. ಆಮೇಲೆ ಅಂಟಿಸಿದಳು. ಮರುದಿನ ಕಾಗದ ಉಜ್ಜಿದಾಗ ಅಕ್ಷರ ನೆಟ್ಟಗೆ ಬಂದವು. ಒಂದು ಮೂಲೆಯಲ್ಲಿ ಸ್ವಲ್ಪ ಕಿತ್ತಿತ್ತು. ಆದರೂ ಓದಲು ಬರುತ್ತಿತ್ತು.

ಆ ಡಬ್ಬಿಯಲ್ಲಿ ಆಕೆ ಈಗ ರೇಶನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ತನ್ನ ಪೆನ್ನು ಇಡುತ್ತಾಳೆ.

ನಿಮ್ಮ ಮನೆಯಲ್ಲೂ ಒಂದು ಹಳೆಯ ಡಬ್ಬಿ ಇದ್ದೀತು. ನಾಳೆ ತನ್ನಿ. ಕೂಡಿ ಮಾಡೋಣ.

ಓದಿ, ಹೇಳಿ

1. ಜೆರಾಕ್ಸ್ ಚಿತ್ರ ನೀರಿನಲ್ಲಿ ಯಾಕೆ ಕರಗುವುದಿಲ್ಲ?
2. ಅಂಟಿಸುವ ಮೊದಲು ಕನ್ನಡಿಯಲ್ಲಿ ಯಾಕೆ ನೋಡಬೇಕು?
3. ಔಷಧದ ಡಬ್ಬಿಯ ಮೇಲಿನ ನಾಲ್ಕು ಬಣ್ಣ ಯಾವುವು?
4. ನಿಮ್ಮ ಮನೆಯ ಪಾತ್ರೆಗಳ ಮೇಲೆ ಯಾರ ಯಾರ ಹೆಸರಿದೆ? ಓದಿ ಬಂದು ಬರೆಯಿರಿ.