ಕಾಡಿನ ಸ್ಟಾಕ್ ರಿಜಿಸ್ಟರ್

ಅಂಗಡಿಯ ಸ್ಟಾಕ್ ಲೆಕ್ಕ ನಮ್ಮ ವಾಣಿಜ್ಯ ವಿಭಾಗದವರಿಗೆ ಹೊಸದಲ್ಲ. ಆರಂಭದ ದಾಸ್ತಾನಿಗೆ ಬಂದದ್ದನ್ನು ಕೂಡಿಸಿ, ಹೋದದ್ದನ್ನು ಕಳೆದರೆ ಉಳಿಕೆ ಸಿಗುತ್ತದೆ. ಇಂಥದ್ದೇ ರಿಜಿಸ್ಟರ್ ಒಂದು ಕಾಡಿಗೂ ಇದೆ. ಪರಿಸರವನ್ನು ಗಮನಿಸುವ ವಿಜ್ಞಾನ ಕೇಂದ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅದರಿಂದ ಸುಲಭವಾಗಿ ತಿಳಿಯಬಹುದು.

ನಮ್ಮ ಬಂಡೀಪುರಕ್ಕೆ ಹೊಂದಿಕೊಂಡು ತಮಿಳುನಾಡಿನ ಮುದುಮಲೈ ಕಾಡಿದೆ. ಅಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಪ್ರೊ. ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ 50 ಹೆಕ್ಟೇರ್ ಜಾಗವನ್ನು ಅಧ್ಯಯನಕ್ಕೆ ಗುರುತಿಸಿದರು. ಉದ್ದ 1000 ಮೀಟರ್, ಅಗಲ 500 ಮೀಟರ್. ಕಾಂಡ 1 ಸೆಂ.ಮೀ.ಗಿಂತ ದಪ್ಪವಿರುವ ಪ್ರತಿಯೊಂದು ಗಿಡಮರಕ್ಕೂ ನಂಬರ್ ಕೊಟ್ಟು, ಜಾತಿ ಬರೆದು, ನಕ್ಷೆಯಲ್ಲಿ ಜಾಗ ಗುರುತಿಸಿದರು. ಮೊದಲ ಎಣಿಕೆಯಲ್ಲಿ ಸುಮಾರು 26 ಸಾವಿರ ಗಿಡಮರಗಳು ಸಿಕ್ಕವು. ಇದೇ ಆರಂಭದ ದಾಸ್ತಾನು.

ಪ್ರತಿ ವರ್ಷ ಯಾವುದು ಸತ್ತಿತು, ಯಾವುದು ಹೊಸದಾಗಿ ಬೆಳೆಯಿತು ಎಂದು ನೋಡುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಎಲ್ಲದರ ದಪ್ಪ ಅಳೆಯುತ್ತಾರೆ. ಆನೆಗಳು ಇಷ್ಟಪಟ್ಟು ತಿನ್ನುವ ಕೈಡಿಯಾ ಕ್ಯಾಲಿಸಿನಾ ಎಂಬ ಮರ ಬಹಳ ಕಡಿಮೆಯಾದದ್ದು, ಕಾಡ್ಗಿಚ್ಚಿನಲ್ಲಿ ಸಣ್ಣ ಗಿಡಗಳೇ ಹೆಚ್ಚು ಸತ್ತದ್ದು ಈ ಲೆಕ್ಕದಿಂದ ಗೊತ್ತಾಯಿತು. ಒಮ್ಮೆ ಹೋಗಿ ನೋಡಿ ಬಂದವರಿಗೆ ಇದು ಕಾಣುವುದಿಲ್ಲ.

ಇಂಥ ಕೇಂದ್ರಕ್ಕೆ ಮುಖ್ಯವಾಗಿ ಮೂರು ವ್ಯವಸ್ಥೆ ಬೇಕು.

ಮೊದಲನೆಯದು ಒಂದೇ ವಿಧಾನ. ಮರದ ದಪ್ಪವನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯುವುದು ಪದ್ಧತಿ. ಒಬ್ಬರು ಬುಡದಲ್ಲಿ, ಮುಂದಿನವರು ಎದೆಮಟ್ಟದಲ್ಲಿ ಅಳೆದರೆ ಬೆಳೆದ ಮರವೂ ಸಣ್ಣದಾದಂತೆ ಕಾಣುತ್ತದೆ. ಆದ್ದರಿಂದ ನಿಯಮ ಬರವಣಿಗೆಯಲ್ಲಿರಬೇಕು, ಹೊಸಬರಿಗೆ ತರಬೇತಿ ಕೊಡಬೇಕು.

ಎರಡನೆಯದು ದತ್ತಾಂಶದ ಶಿಸ್ತು. ಕಾಡಿನಲ್ಲಿ ಬರೆದ ಹಾಳೆ ನಮ್ಮ ವೋಚರ್ ಇದ್ದ ಹಾಗೆ. ಕಂಪ್ಯೂಟರಿಗೆ ಏರಿಸಿದ ಮೇಲೂ ಅದನ್ನು ಎಸೆಯಬಾರದು. ತಪ್ಪಿದ್ದರೆ ಅಳಿಸದೆ, ಯಾರು, ಯಾವಾಗ, ಏಕೆ ತಿದ್ದಿದರು ಎಂದು ಬರೆಯಬೇಕು. ಜರ್ನಲ್ ಎಂಟ್ರಿಯ ಕೆಳಗೆ ನರೇಷನ್ ಬರೆಯುವಂತೆ, ಪ್ರತಿ ಅಂಕಿಯ ಜೊತೆ ಅಳತೆಯ ದಿನ, ಜಾಗ, ಉಪಕರಣದ ವಿವರ ಇರಬೇಕು. ಇಲ್ಲದಿದ್ದರೆ ಇಪ್ಪತ್ತು ವರ್ಷದ ನಂತರ ಆ ಅಂಕಿಯ ಅರ್ಥ ಯಾರಿಗೂ ತಿಳಿಯುವುದಿಲ್ಲ. ಪ್ರತಿಗಳು ಬೇರೆ ಬೇರೆ ಕಡೆ ಇರಬೇಕು.

ಮೂರನೆಯದು ನಿಲ್ಲದ ಹಣ. ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅಳೆಯಲು ಆರಂಭಿಸಿದರು. ಆಗ ಅದು ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ. ಭೂಮಿ ಬಿಸಿಯಾಗುತ್ತಿರುವುದರ ಚರ್ಚೆಗೆ ಈ ದಾಖಲೆ ದೊಡ್ಡ ಆಧಾರ. ಆದರೆ 1964ರಲ್ಲಿ ಅನುದಾನ ಕಡಿತದಿಂದ ಕೆಲವು ತಿಂಗಳು ಅಳತೆ ನಿಂತಿತು. ಆ ಜಾಗ ಇಂದಿಗೂ ಖಾಲಿ. ಅಂಗಡಿಯ ಲೆಕ್ಕವನ್ನು ಬಿಲ್ ನೋಡಿ ಮತ್ತೆ ಬರೆಯಬಹುದು, ಕಳೆದುಹೋದ ತಿಂಗಳಿನ ಗಾಳಿಯನ್ನು ಮತ್ತೆ ಅಳೆಯಲಾಗದು. ಹೀಗಾಗಿ ಇಂಥ ಕೇಂದ್ರಕ್ಕೆ ವಿಜ್ಞಾನಿಗಳಷ್ಟೇ ಅಲ್ಲ, ದತ್ತಾಂಶ ನೋಡಿಕೊಳ್ಳುವವರೂ ಬಜೆಟ್ ಮಾಡುವವರೂ ಬೇಕು.

ನಮ್ಮ ಕಾಲೇಜಿನಲ್ಲೂ ಇದನ್ನು ಸಣ್ಣದಾಗಿ ಮಾಡಬಹುದು. ಆವರಣದ ಮರಗಳಿಗೆ ನಂಬರ್ ಕೊಟ್ಟು, ವರ್ಷಕ್ಕೊಮ್ಮೆ ಟೇಪಿನಿಂದ ಸುತ್ತಳತೆ ತೆಗೆದು, ಮಳೆಮಾಪಕ ಇಟ್ಟು ದಿನದ ಮಳೆ ಬರೆದರೆ ಸಾಕು. ವಿಜ್ಞಾನ ವಿಭಾಗದವರು ಅಳೆಯಲಿ, ನಾವು ಲೆಕ್ಕ ಇಡುತ್ತೇವೆ. ನಾವು ಇಲ್ಲಿರುವುದು ಎರಡೇ ವರ್ಷ. ಆದ್ದರಿಂದ ರಿಜಿಸ್ಟರ್ ಗ್ರಂಥಾಲಯದಲ್ಲಿರಲಿ, ದ್ವಿತೀಯ ಪಿಯುಸಿಯವರು ಪ್ರತಿ ವರ್ಷ ಅದನ್ನು ಪ್ರಥಮ ಪಿಯುಸಿಯವರಿಗೆ ಒಪ್ಪಿಸಿ ಸಹಿ ಪಡೆಯಲಿ. ಅದು ಮುಂದೆ ಬರುವವರಿಗಾಗಿ ನಮ್ಮ ಕೈಯಲ್ಲಿರುವ ಅಮಾನತ್.