ಹೆಣದ ಜೇಬಿನಲ್ಲಿ ಸಿಗದ ರಾಗ

ಅಮೆರಿಕದ ಅಂತರ್ಯುದ್ಧದ ಆ ಕಥೆ ವಾಟ್ಸಾಪಿನಲ್ಲಿ ಮತ್ತೆ ಸುತ್ತುತ್ತಿದೆ. ಉತ್ತರದ ಸೇನೆಯ ಕ್ಯಾಪ್ಟನ್ ಎಲ್ಲಿಕೋಂಬ್ ಕತ್ತಲಲ್ಲಿ ನರಳಾಟ ಕೇಳುತ್ತಾನೆ, ಗುಂಡಿನ ಮಳೆಯಲ್ಲಿ ತೆವಳಿಕೊಂಡು ಹೋಗಿ ಗಾಯಾಳುವನ್ನು ಎಳೆದು ತರುತ್ತಾನೆ. ಲಾಂದ್ರ ಹಿಡಿದು ನೋಡಿದರೆ ಸ್ವಂತ ಮಗ! ಸಂಗೀತ ಕಲಿಯಲು ಹೋದವನು ಅಪ್ಪನಿಗೆ ತಿಳಿಸದೆ ದಕ್ಷಿಣದ ಸೇನೆ ಸೇರಿದ್ದ; ಈಗ ಜೀವವಿಲ್ಲ. ಅವನ ಜೇಬಿನ ಚೀಟಿಯಲ್ಲಿದ್ದ ಸ್ವರಗಳೇ ಇವತ್ತು ಅಮೆರಿಕದ ಸೈನಿಕರ ಅಂತ್ಯಕ್ರಿಯೆಯಲ್ಲಿ ಮೊಳಗುವ 'ಟ್ಯಾಪ್ಸ್'. ಕೆಳಗೆ, ಕಣ್ಣು ಒದ್ದೆಯಾದರೆ ಹತ್ತು ಜನಕ್ಕೆ ಕಳಿಸಿ ಎಂಬ ಅಪ್ಪಣೆ ಬೇರೆ.

ಕಣ್ಣು ಒರೆಸಿಕೊಳ್ಳಿ. ಅಂಥ ಕ್ಯಾಪ್ಟನ್ ಸೇನೆಯ ದಾಖಲೆಗಳಲ್ಲೇ ಇಲ್ಲ.

ಟ್ಯಾಪ್ಸ್ ಹುಟ್ಟಿದ್ದು ದೀಪ ಆರಿಸಿ ಮಲಗಿ ಎಂದು ಬಿಡಾರಕ್ಕೆ ಹೇಳಲು. 1862ರ ಜುಲೈ. ರಿಚ್ಮಂಡ್ ಬಳಿ ಏಳು ದಿನ ಕಾದಾಡಿ ಹಿಂದೆ ಸರಿದ ಉತ್ತರದ ಸೇನೆ ವರ್ಜೀನಿಯಾದ ಹ್ಯಾರಿಸನ್ಸ್ ಲ್ಯಾಂಡಿಂಗ್‌ನಲ್ಲಿ, ಜೇಮ್ಸ್ ನದಿಯ ದಂಡೆಗೆ ಡೇರೆ ಹಾಕಿತ್ತು. ಮಲಗುವ ಹೊತ್ತಿಗೆ ಊದುತ್ತಿದ್ದ ಹಳೆಯ ಕರೆ ಬ್ರಿಗೇಡಿನ ಮುಖ್ಯಸ್ಥ ಡೇನಿಯಲ್ ಬಟರ್‌ಫೀಲ್ಡ್‌ಗೆ ಹಿಡಿಸಿರಲಿಲ್ಲ. ಕಹಳೆಗಾರ ಆಲಿವರ್ ನಾರ್ಟನ್‌ನನ್ನು ಕರೆಸಿದ. ಲಕೋಟೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚಿದ್ದ ಸ್ವರಗಳನ್ನು ತೋರಿಸಿ ಊದಿಸಿದ, ಇದನ್ನು ಎಳೆ, ಅದನ್ನು ಮೊಟಕು ಮಾಡು ಎಂದು ತಿದ್ದಿದ. ಒಟ್ಟು 24 ಸ್ವರ. ಅವೂ ಹೊಚ್ಚ ಹೊಸವಲ್ಲ, ಇನ್ನೂ ಹಳೆಯದೊಂದು ಕಹಳೆ ಕರೆಯಿಂದ ಹೆಕ್ಕಿದವು. ಆ ರಾತ್ರಿ ಕೇಳಿದ ಅಕ್ಕಪಕ್ಕದ ಬ್ರಿಗೇಡುಗಳ ಕಹಳೆಗಾರರು ಮರುದಿನವೇ ನಕಲು ಕೇಳಿಕೊಂಡು ಬಂದರು. 1898ರಲ್ಲಿ ನಾರ್ಟನ್ ಇದನ್ನೆಲ್ಲ 'ಸೆಂಚುರಿ' ಪತ್ರಿಕೆಗೆ ಬರೆದ. ಬಟರ್‌ಫೀಲ್ಡ್ ಆಗಿನ್ನೂ ಬದುಕಿದ್ದ. ಹೌದು, ಹೀಗೇ ಆಯಿತು ಎಂದು ಪತ್ರದಲ್ಲಿ ಒಪ್ಪಿದ. ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೇನು ಬೇಕು?

ಹೂಳುವಾಗ ಊದುವ ಪದ್ಧತಿಗೂ ಕಾರಣ ಅಷ್ಟೇ ಸಪ್ಪೆ. ವಾಡಿಕೆಯಂತೆ ಮೂರು ಸುತ್ತು ಗುಂಡು ಹಾರಿಸಿದರೆ ಹತ್ತಿರದಲ್ಲಿದ್ದ ಶತ್ರು ದಾಳಿಯೇ ಶುರುವಾಯಿತೆಂದು ತಿಳಿದಾನು ಎಂದು ಫಿರಂಗಿದಳದ ಟಿಡ್ಬಾಲ್ ಎಂಬ ಅಧಿಕಾರಿ ಗುಂಡಿನ ಬದಲು ಕಹಳೆ ಊದಿಸಿದ. ನಮ್ಮ ಯೋಧರ ಅಂತ್ಯಕ್ರಿಯೆಯಲ್ಲಿ ಕೇಳುವುದೂ ಇದೇ ಎಂದು ಕೆಲವರು ಸೇರಿಸುತ್ತಾರೆ. ಅದು 'ಲಾಸ್ಟ್ ಪೋಸ್ಟ್', ಬ್ರಿಟಿಷರಿಂದ ಬಂದದ್ದು, ರಾಗವೇ ಬೇರೆ.

ಇನ್ನು ಆ ಯುದ್ಧದ ಸೈನಿಕ ದಿನಾ ಗುಂಡು ಹಾರಿಸುತ್ತಿದ್ದ ಎಂಬ ನಂಬಿಕೆ. ಅವನ ಬಹುಪಾಲು ದಿನಗಳು ಕವಾಯತು, ಸೌದೆ, ನೀರು, ಕಾವಲು, ಇಸ್ಪೀಟಿನಲ್ಲೇ ಕಳೆದವು. ಶಸ್ತ್ರಚಿಕಿತ್ಸೆಗೆ ಗುಂಡು ಕಚ್ಚಿಸಿ ಮಲಗಿಸುತ್ತಿದ್ದರಂತೆ. ಕ್ಲೋರೋಫಾರ್ಮ್, ಈಥರ್ ಎರಡೂ ಧಾರಾಳವಾಗಿ ಬಳಕೆಯಲ್ಲಿದ್ದವು. ಎರಡೂ ಕಡೆಯವರು ಕಾಫಿ ಕುಡಿದೇ ಕಾದಿದರಂತೆ. ಬಂದರುಗಳ ದಿಗ್ಬಂಧನದಿಂದ ದಕ್ಷಿಣದವರಿಗೆ ಕಾಫಿ ಬೀಜವೇ ಸಿಗದೆ ಗೆಣಸು ಹುರಿದು ಕುದಿಸುತ್ತಿದ್ದರು.

ಆದರೆ ಇವಕ್ಕೆಲ್ಲ ಗಿರಾಕಿಗಳಿಲ್ಲ. ನಮಗೆ ಬೇಕಾದ್ದು ಅಪ್ಪ-ಮಗ, ಕತ್ತಲು, ಲಾಂದ್ರ. ಒಂದು ಹೆಸರನ್ನು ಹುಡುಕಿ ನೋಡುವಷ್ಟು ವ್ಯವಧಾನವಿಲ್ಲದವರಿಗೆ ಹತ್ತು ಜನಕ್ಕೆ ದಾಟಿಸಲು ಮಾತ್ರ ಪುರುಸೊತ್ತಿದೆ. ಪಾಯಿಖಾನೆಯ ಕೊಳೆ ಬೆರೆತ ನೀರು ಕುಡಿದು ಬಿಡಾರದಲ್ಲೇ ಸತ್ತ ಹುಡುಗನ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಆ ಯುದ್ಧದಲ್ಲಿ ಸತ್ತ ಸೈನಿಕರು ಹಳೆಯ ಲೆಕ್ಕದಂತೆ ಸುಮಾರು 6,20,000. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನರನ್ನು ಕೊಂದದ್ದು ಭೇದಿ, ಟೈಫಾಯ್ಡ್, ದಡಾರದಂಥ ರೋಗಗಳು.